ಕಪಾಟಿಗೆ ಬೀಗವಿದೆ, ಬಟನ್ನೂ ಇದೆ

2017ರ ಡಿಸೆಂಬರ್. ಅಮೆರಿಕದ ನ್ಯಾಶ್‌ವಿಲ್‌ನಲ್ಲಿರುವ ವ್ಯಾಂಡರ್‌ಬಿಲ್ಟ್ ಆಸ್ಪತ್ರೆಯಲ್ಲಿ ಸ್ಕ್ಯಾನಿಂಗ್‌ಗೆ ಹೆದರಿದ್ದ 75 ವರ್ಷದ ರೋಗಿಗೆ ಆತಂಕ ತಗ್ಗಲೆಂದು ವೈದ್ಯರು ವರ್ಸೆಡ್ ಬರೆದರು. ನರ್ಸ್ ಔಷಧದ ಕಂಪ್ಯೂಟರೀಕೃತ ಕ್ಯಾಬಿನೆಟ್ ಮುಂದೆ ನಿಂತು ಹೆಸರಿನ ಮೊದಲೆರಡು ಅಕ್ಷರ, ‘ವಿ’ ‘ಇ’, ಒತ್ತಿದರು. ವರ್ಸೆಡ್ ಸಿಗಲಿಲ್ಲ, ಯಂತ್ರದಲ್ಲಿ ಅದು ಮಿಡಜೋಲಾಮ್ ಎಂಬ ಜೆನೆರಿಕ್ ಹೆಸರಿನಲ್ಲಿತ್ತು. ತುರ್ತಿಗೆಂದು ಇರುವ ‘ಓವರ್‌ರೈಡ್’ ಬಟನ್ ಒತ್ತಿ ಅದೇ ಅಕ್ಷರ ಕೊಟ್ಟಾಗ ವೆಕುರೋನಿಯಂ ಬಂತು. ಸ್ನಾಯುಗಳನ್ನೆಲ್ಲ ಸ್ತಬ್ಧಗೊಳಿಸಿ ಉಸಿರು ನಿಲ್ಲಿಸುವ ಮದ್ದು ಅದು. ವರ್ಸೆಡ್ ದ್ರವ, ವೆಕುರೋನಿಯಂ ಪುಡಿ, ಕರಗಿಸಿಯೇ ಕೊಡಬೇಕು. ಸೀಸೆಯ ಮುಚ್ಚಳದ ಮೇಲೆ ಎಚ್ಚರಿಕೆಯೂ ಇತ್ತು. ಸ್ಕ್ಯಾನಿಂಗ್ ವಿಭಾಗದಲ್ಲಿ ಬಾರ್‌ಕೋಡ್ ಓದುವ ಸಾಧನವಿರಲಿಲ್ಲ. ರೋಗಿ ಉಳಿಯಲಿಲ್ಲ. 2022ರಲ್ಲಿ ನ್ಯಾಯಾಲಯ ನರ್ಸ್ ಅಪರಾಧಿ ಎಂದು ತೀರ್ಮಾನಿಸಿ ಮೂರು ವರ್ಷಗಳ ಪ್ರೊಬೇಷನ್ ವಿಧಿಸಿತು.

ನರ್ಸ್ ಮಾಡಿದ್ದು ತಪ್ಪೇ, ಅದೂ ಸಣ್ಣ ತಪ್ಪಲ್ಲ. ಆದರೆ ಎರಡೇ ಅಕ್ಷರಕ್ಕೆ ಇಂಥ ಮದ್ದಿನ ಡ್ರಾಯರ್ ತೆರೆದುಕೊಡುವ ಯಂತ್ರವನ್ನು ಸುರಕ್ಷತೆಯ ಸಾಧನವೆಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಈ ಕ್ಯಾಬಿನೆಟ್‌ನ ಶಕ್ತಿಯೇನೂ ಸುಳ್ಳಲ್ಲ. ವೈದ್ಯರ ಆದೇಶವನ್ನು ಫಾರ್ಮಸಿಸ್ಟ್ ಪರಿಶೀಲಿಸಿದ ಮೇಲೆ ಆ ರೋಗಿಯ ಹೆಸರಿನಲ್ಲಿ ಆ ಔಷಧವಷ್ಟೇ ಸಿಗುತ್ತದೆ. ಯಾರು, ಯಾವಾಗ, ಎಷ್ಟು ತೆಗೆದರೆಂಬುದು ದಾಖಲಾಗುತ್ತದೆ. ಮಾರ್ಫಿನ್, ಫೆಂಟನಿಲ್ ಲೆಕ್ಕಕ್ಕೆ ಇದಕ್ಕಿಂತ ಒಳ್ಳೆಯ ಕಾವಲು ಕಷ್ಟ. ಓವರ್‌ರೈಡ್ ಈ ಪರಿಶೀಲನೆಯನ್ನೇ ದಾಟಿಹೋಗುತ್ತದೆ. ಹಾಗೆಂದು ಅದನ್ನು ಕಿತ್ತುಹಾಕುವಂತಿಲ್ಲ. ಹೃದಯ ನಿಂತ ರೋಗಿಗೆ ಅಡ್ರಿನಲಿನ್ ಬೇಕಾದಾಗ ಫಾರ್ಮಸಿಸ್ಟ್‌ಗಾಗಿ ಕಾಯಲಾಗದು. ಆದರೆ ಓವರ್‌ರೈಡ್‌ನಲ್ಲಿ ಯಾವ ಔಷಧ ಸಿಗಬೇಕೆಂಬ ಪಟ್ಟಿ ಚಿಕ್ಕದಿರಬೇಕು. ಕನಿಷ್ಠ ಐದು ಅಕ್ಷರ ಒತ್ತಿಸಿ ಎಂದು ಅಮೆರಿಕದ ಔಷಧ ಸುರಕ್ಷತಾ ತಜ್ಞರು ಹೇಳುತ್ತಾರೆ. ಎಷ್ಟು ಸರಳ ಉಪಾಯ! ಅದಕ್ಕೆ ಹೊಸ ಯಂತ್ರ ಕೊಳ್ಳಬೇಕಾಗಿಲ್ಲ.

ಇನ್ನೊಂದು ದುರಂತ ಬೇರೆ ದಾರಿಯಲ್ಲಿ ಬಂತು. 2006ರಲ್ಲಿ ಇಂಡಿಯಾನಾಪೊಲಿಸ್‌ನ ಮೆಥಡಿಸ್ಟ್ ಆಸ್ಪತ್ರೆಯ ನವಜಾತ ಶಿಶುಗಳ ಘಟಕದ ಕ್ಯಾಬಿನೆಟ್‌ಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್‌ನ ಮಿಲಿಲೀಟರ್‌ಗೆ 10 ಯೂನಿಟ್‌ನ ಸೀಸೆಗಳ ಬದಲು 10,000 ಯೂನಿಟ್‌ನ ಸೀಸೆಗಳನ್ನು ತುಂಬಲಾಗಿತ್ತು. ಎರಡರ ಲೇಬಲ್‌ಗಳೂ ನೀಲಿ. ಅಲ್ಲಿ ಸಿಗುವುದು ಶಿಶುಗಳ ಹೆಪಾರಿನ್ನೇ ಎಂಬ ರೂಢಿಯಲ್ಲಿ ನರ್ಸ್‌ಗಳು ಬಳಸಿದರು. ಆರು ಶಿಶುಗಳಿಗೆ ಸಾವಿರ ಪಟ್ಟು ಪ್ರಬಲ ಮದ್ದು ಹೋಯಿತು, ಮೂರು ತೀರಿಕೊಂಡವು. ಬೀಗವಿದ್ದ ಕಪಾಟಿನ ಮೇಲಿನ ನಂಬಿಕೆಯೇ ಕಣ್ಣನ್ನು ಲೇಬಲ್‌ನಿಂದ ದೂರ ಸರಿಸಿತ್ತು.

ಇಂಡೆಂಟ್ ಬರೆದು ಔಷಧ ತರಿಸಿ, ವಾರ್ಡಿನ ಕಪಾಟಿನಲ್ಲಿಟ್ಟು, ಕೀಲಿಯನ್ನು ಸಿಸ್ಟರ್ ಕೈಗೆ ಕೊಡುವ ನಮ್ಮ ಆಸ್ಪತ್ರೆಗಳೂ ಇಂಥ ಯಂತ್ರ ಕೊಳ್ಳುವ ಮೊದಲು ಈ ಎರಡು ಪ್ರಕರಣಗಳನ್ನು ಓದಬೇಕು. ಒಂದೇ ಬಣ್ಣದ ಆಂಪ್ಯೂಲ್‌ಗಳ ಕಾಟ ನಮಗೂ ಇದೆ. ಸೀಸೆಗಳನ್ನು ಯಂತ್ರಕ್ಕೆ ತುಂಬುವಾಗಲೂ ರೋಗಿಯ ಹಾಸಿಗೆಯ ಬಳಿಯೂ ಬಾರ್‌ಕೋಡ್ ಓದಿಸದಿದ್ದರೆ ಕ್ಯಾಬಿನೆಟ್ ಬರೀ ದುಬಾರಿ ಕಪಾಟು. ನಿನ್ನೆ ಯಾರು ಓವರ್‌ರೈಡ್ ಒತ್ತಿದರು, ಯಾವ ಔಷಧಕ್ಕೆ, ಏಕೆ ಎಂಬುದನ್ನು ಪ್ರತಿ ಬೆಳಗ್ಗೆ ಒಬ್ಬರು ಕೂತು ನೋಡಬೇಕು. ಆ ಕೆಲಸಕ್ಕೆ ಫಾರ್ಮಸಿಸ್ಟ್ ಹುದ್ದೆ ಮಂಜೂರು ಮಾಡದೆ ಯಂತ್ರಕ್ಕೆ ಮಾತ್ರ ಹಣ ಬಿಡುಗಡೆ ಮಾಡುವುದನ್ನು ನಾನು ಒಪ್ಪಲಾರೆ.