ಸಣ್ಣಕಥೆಯ ಜಾಡು, ಜಡ್ಡು

ಕನ್ನಡದಲ್ಲಿ ಪರಂಪರೆ ಎಂದೊಡನೆ ಪಂಪನೋ ಹರಿಹರನೋ ನೆನಪಾಗುವುದು ಸಹಜವಾದರೂ ಸಣ್ಣಕಥೆಯ ಮಟ್ಟಿಗೆ ಆ ಮಾತಿನ ಅರ್ಥ ಅದಕ್ಕಿಂತ ಬಹಳ ಹತ್ತಿರದ್ದು. ಆಧುನಿಕ ಸಣ್ಣಕಥೆ ಎಂಬ ಪ್ರಕಾರಕ್ಕೆ ಕನ್ನಡದಲ್ಲಿ ಒಂದು ಶತಮಾನಕ್ಕಿಂತ ತುಸು ಹೆಚ್ಚು ವಯಸ್ಸಾಗಿದೆಯಷ್ಟೆ. ಆದರೆ ಇಷ್ಟು ಚಿಕ್ಕ ಅವಧಿಯಲ್ಲೇ ಒಂದರ ಹಿಂದೊಂದರಂತೆ ಹಲವು ಮಾರ್ಗಗಳು ಹುಟ್ಟಿಕೊಂಡಿವೆ. ಪ್ರತಿಯೊಂದೂ ಹಿಂದಿನದನ್ನು ಪ್ರಶ್ನಿಸುತ್ತ ಬಂದು, ಕೆಲವೇ ದಶಕಗಳಲ್ಲಿ ತಾನೇ ಯಾರೂ ಪ್ರಶ್ನಿಸದ ಮಾದರಿಯಾಗಿ ನಿಂತಿದೆ. ಕಥನತಂತ್ರವೆಂಬುದು ಒಬ್ಬ ಲೇಖಕ ತನ್ನ ಕಾಲದಲ್ಲಿ ಎದುರಿಸಿದ ಒಂದು ತೊಡಕಿಗೆ ಕಂಡುಕೊಂಡ ಪರಿಹಾರ. ತೊಡಕನ್ನು ಮರೆತು ಪರಿಹಾರವನ್ನಷ್ಟೇ ನಂತರದವರು ಎತ್ತಿಕೊಂಡಾಗ ನಡೆದು ನಡೆದು ಮೂಡಿದ ಜಾಡು ಜಡ್ಡುಗಟ್ಟುತ್ತದೆ, ಅಲ್ಲಿ ಮುಟ್ಟಿದರೂ ಚುಚ್ಚಿದರೂ ಅರಿವಾಗುವುದಿಲ್ಲ.

ಕಟ್ಟುಪಾಡು ಇದ್ದ ಮಾತ್ರಕ್ಕೆ ಕಥೆ ಸಾಯುತ್ತದೆ ಎಂದು ಇದರಿಂದ ತೀರ್ಮಾನಿಸುವಂತಿಲ್ಲ. ಸುಮಾರು 10ನೇ ಶತಮಾನದ್ದೆನ್ನಲಾಗುವ ‘ವಡ್ಡಾರಾಧನೆ’ಯ 19 ಕಥೆಗಳಿಗೂ ಹೆಚ್ಚುಕಡಿಮೆ ಒಂದೇ ಚೌಕಟ್ಟು: ಮೊದಲಿಗೊಂದು ಪ್ರಾಕೃತ ಗಾಹೆ, ಅಂದರೆ ಪದ್ಯ, ಆಮೇಲೆ ಅದರ ವಿವರಣೆಯಾಗಿ ಕಥೆ, ಕೊನೆಗೆ ಉಪಸರ್ಗವನ್ನು, ಅಂದರೆ ಸಾಧಕನ ಮೇಲೆ ಎರಗುವ ಹಿಂಸೆಯನ್ನು, ಸಹಿಸಿ ದೇಹ ಬಿಡುವುದು. ಅಂತ್ಯ ಮೊದಲೇ ಗೊತ್ತಿದ್ದರೂ ಸುಕುಮಾರಸ್ವಾಮಿಯ ಕಥೆ ಇಂದಿಗೂ ಓದುಗನನ್ನು ಅಲುಗಾಡಿಸುತ್ತದೆ. ತಲೆಯ ಮೇಲೆ ಸೂಸಿದ ಬಿಳಿಯ ಸಾಸಿವೆಯ ಕಾಳು ಒತ್ತಿದರೂ ತಾಳಲಾರದಷ್ಟು, ದೀಪದ ಬೆಳಕಿಗೇ ಕಣ್ಣಲ್ಲಿ ನೀರಾಡುವಷ್ಟು ಮೃದುವಾಗಿ ಬೆಳೆದ ದೇಹವೊಂದು ಕೊನೆಗೆ ನರಿಯ ಬಾಯಿಗೆ ತನ್ನನ್ನು ಕೊಟ್ಟು ಅಲುಗದೆ ಉಳಿಯುತ್ತದೆ ಎಂಬುದನ್ನು ಆ ಕಥೆಗಾರ ಮೈಯ ಅನುಭವವನ್ನಾಗಿ ಮಾಡಿಕೊಟ್ಟಿದ್ದಾನೆ. ನಿಯಮ ಅವನಿಗೆ ದಾರಿ ತೋರಿಸಿದ್ದು ನಿಜ, ಆದರೆ ನೋಡುವ ಕೆಲಸವನ್ನು ಅವನು ನಿಯಮಕ್ಕೆ ಬಿಟ್ಟುಕೊಡಲಿಲ್ಲ.

ಮಾಸ್ತಿ ವೆಂಕಟೇಶ ಅಯ್ಯಂಗಾರರ ಮೊದಲ ಸಂಕಲನ ‘ಕೆಲವು ಸಣ್ಣ ಕಥೆಗಳು’ 1920ರಲ್ಲಿ ಬಂದಾಗ ಅವರ ಮುಂದಿದ್ದ ತೊಡಕು ಇಂಥದ್ದು: ಅಚ್ಚಾದ ಪುಟದ ಮೇಲೆ, ಗುರುತು ಪರಿಚಯವಿಲ್ಲದ ಓದುಗನಿಗೆ, ಜಗಲಿಯ ಮೇಲೆ ಕುಳಿತು ಹೇಳಿದಂತೆ ಕಥೆ ಹೇಳುವುದು ಹೇಗೆ? ‘ರಂಗನ ಮದುವೆ’ಯ ನಿರೂಪಕ ಶ್ಯಾಮ ತನ್ನ ಹೊಸಹಳ್ಳಿಯ ವರ್ಣನೆಯಲ್ಲಿ ಸಾಕಷ್ಟು ಹೊತ್ತು ಕಳೆದು, ಬೆಂಗಳೂರಿನಲ್ಲಿ ಇಂಗ್ಲಿಷ್ ಓದಿ ಬಂದ ಹುಡುಗನನ್ನು ನೋಡಲು ಊರೇ ನೆರೆದದ್ದನ್ನು ವಿವರಿಸಿ, ನಿಧಾನವಾಗಿ ಕಥೆಗೆ ಇಳಿಯುವುದು ಈ ತೊಡಕಿಗೆ ಕಂಡುಕೊಂಡ ಉತ್ತರವೇ ಆಗಿದೆ. ಆ ಧ್ವನಿಯ ಹಿಂದೆ ಹೇಳುವವನೂ ಕೇಳುವವರೂ ಒಂದೇ ಸಮುದಾಯದವರೆಂಬ ನಂಬಿಕೆ ಇದೆ. ಆ ನಂಬಿಕೆ ಸಡಿಲಗೊಂಡ ಮೇಲೂ ಅದೇ ಆಪ್ತ ಧಾಟಿಯನ್ನು, ಅದೇ ಸಮಾಧಾನದ ಮುಕ್ತಾಯವನ್ನು ಬಳಸಿದ ಕಥೆಗಳಲ್ಲಿ ಬಾಳಿನ ಗಾಯಗಳೆಲ್ಲ ಹಿರಿಯರ ಸಾಂತ್ವನದಲ್ಲಿ ಮುಚ್ಚಿಹೋದವು.

ಇದಕ್ಕೆ ತೀವ್ರ ಪ್ರತಿಕ್ರಿಯೆಯಾಗಿ ಬಂದ ನವ್ಯ ಕಥೆಯ ಚರಿತ್ರೆಯೇ ಅಂಧಾನುಕರಣೆಯ ಅಪಾಯವನ್ನು ಅತ್ಯಂತ ನಿಚ್ಚಳವಾಗಿ ತೋರಿಸುತ್ತದೆ. ಯು.ಆರ್. ಅನಂತಮೂರ್ತಿ, ಯಶವಂತ ಚಿತ್ತಾಲ, ಪಿ. ಲಂಕೇಶ್, ಶಾಂತಿನಾಥ ದೇಸಾಯಿ ಮೊದಲಾದವರಿಗೆ ಸಮುದಾಯದ ಹೆಸರಿನಲ್ಲಿ ಮಾತನಾಡುವುದು ಅಸಾಧ್ಯವಾಗಿತ್ತು. ಜಾತಿ, ಮನೆತನ, ಧರ್ಮಗಳು ಕೊಟ್ಟ ಗುರುತು ಕಳಚಿಬಿದ್ದ ವ್ಯಕ್ತಿ ತನ್ನೊಳಗನ್ನು ತಾನೇ ತಡಕಬೇಕಾಗಿ ಬಂದ ಕಾಲವದು. ಹಾಗಾಗಿ ಕಥೆ ಒಂದೇ ಪಾತ್ರದ ಪ್ರಜ್ಞೆಯೊಳಗೆ ಕುಳಿತು ಅಲ್ಲಿಂದಲೇ ಜಗತ್ತನ್ನು ನೋಡಿತು. ನೆನಪು, ಭಯ, ಕಾಮನೆಗಳು ಮನಸ್ಸಿನಲ್ಲಿ ಹರಿದ ಕ್ರಮದಲ್ಲೇ ಅವನ್ನು ಬರೆಯುವ ಪ್ರಜ್ಞಾಪ್ರವಾಹ ತಂತ್ರವನ್ನು ರೂಢಿಸಿಕೊಂಡಿತು. ಜೇಮ್ಸ್ ಜಾಯ್ಸ್‌ನ ‘ಡಬ್ಲಿನರ್ಸ್’ (1914) ಮಾದರಿಯ ಕಥೆಗಳಲ್ಲಿ ಕಾಣುವಂತೆ, ಸಾಮಾನ್ಯ ಘಟನೆಯೊಂದರ ಎದುರು ಪಾತ್ರಕ್ಕೆ ತನ್ನ ನಿಜಸ್ಥಿತಿ ಥಟ್ಟನೆ ಹೊಳೆಯುವ ದರ್ಶನಕ್ಷಣವನ್ನು ಕಥೆಯ ಶಿಖರವನ್ನಾಗಿ ಮಾಡಿಕೊಂಡಿತು. ಇವೆಲ್ಲ ನಿಜವಾದ ಇಕ್ಕಟ್ಟಿನಿಂದ ಒದಗಿದ ಸಲಕರಣೆಗಳು.

ಆದರೆ 1960ರ ದಶಕ ಮುಗಿಯುವ ಹೊತ್ತಿಗೆ ಈ ಇಕ್ಕಟ್ಟನ್ನು ಅನುಭವಿಸದವರ ಬರವಣಿಗೆಯಲ್ಲೂ ಅವೇ ಸಲಕರಣೆಗಳು ಕಾಣತೊಡಗಿದವು. ನಗರದಿಂದ ಊರಿಗೆ ಮರಳಿದ, ಯಾರೊಡನೆಯೂ ಬೆರೆಯಲಾಗದ ವಿದ್ಯಾವಂತ ಯುವಕ. ಸಾಯುತ್ತಿರುವ ತಂದೆ ಅಥವಾ ಶಿಥಿಲವಾದ ಮನೆ. ನಡುವೆ ಒಂದು ಲೈಂಗಿಕ ಸಂಬಂಧ. ಎಲ್ಲಕ್ಕೂ ಅರ್ಥ ಕೊಡುವ ಹೊಣೆ ಹೊತ್ತ ಒಂದು ಹಾವು, ಬಾವಿ ಅಥವಾ ಕನ್ನಡಿ. ಕೊನೆಯ ಸಾಲುಗಳಲ್ಲಿ ಅರಿವಿನ ಮಿಂಚು. ಇಂಥ ಕಥೆಯಲ್ಲಿ ಪ್ರತಿಮೆ, ಅಂದರೆ ತನ್ನ ವಸ್ತುರೂಪವನ್ನು ಬಿಟ್ಟುಕೊಡದೆ ಮತ್ತೊಂದು ಅರ್ಥವನ್ನು ಹೊಳೆಯಿಸಬೇಕಾದ ವಿವರ, ಮೊದಲೇ ನಿಶ್ಚಯವಾದ ಅರ್ಥಕ್ಕೆ ಅಂಟಿಸಿದ ಚೀಟಿಯಾಗುತ್ತದೆ. ಬಾವಿಯಿಂದ ಯಾರೂ ನೀರು ಸೇದುವುದಿಲ್ಲ. ಇದಕ್ಕಿಂತ ಗಂಭೀರವಾದ ನಷ್ಟ ಪಾತ್ರಗಳಿಗೆ ಸಂಬಂಧಿಸಿದ್ದು. ನಾಯಕನ ಪ್ರಜ್ಞೆಯೊಂದೇ ಬೆಳಕಿನಲ್ಲಿರುವ ಕಾರಣ ಅವನ ಹೆಂಡತಿ, ಮನೆಯ ಕೆಲಸದಾಕೆ, ಹೊಲದಲ್ಲಿ ದುಡಿಯುವ ಆಳು ಎಲ್ಲರೂ ಅವನ ಆತ್ಮಶೋಧನೆಗೆ ಒದಗುವ ನಿಮಿತ್ತಗಳಾಗಿ ಉಳಿಯುತ್ತಾರೆ. ಅವನಿಗೆ ಕೊನೆಯಲ್ಲಿ ದಕ್ಕುವ ಅರಿವಿನ ಬೆಲೆಯನ್ನು ತೆತ್ತವರು ಅವರು, ಆದರೆ ಅವರಿಗೇನು ಅನ್ನಿಸಿತು ಎಂದು ಕೇಳುವ ದಾರಿಯೇ ಆ ರೂಪದಲ್ಲಿಲ್ಲ. ರೂಪದ ಅನುಕರಣೆ ನೈತಿಕ ಕುರುಡಾಗುವುದು ಇಲ್ಲಿ, ಮತ್ತು ವಿಮರ್ಶೆ ಇದನ್ನು ಕೇವಲ ಕೌಶಲದ ಕೊರತೆಯೆಂದು ಬಗೆದು ಸುಮ್ಮನಾಗಬಾರದು.

1973ರಲ್ಲಿ ಪ್ರಕಟವಾದ ಎರಡು ಸಂಕಲನಗಳು ಈ ಜಾಡನ್ನು ಬಿಟ್ಟು ಹೊರಟವು. ಪೂರ್ಣಚಂದ್ರ ತೇಜಸ್ವಿಯವರು ‘ಅಬಚೂರಿನ ಪೋಸ್ಟಾಫೀಸು’ ಸಂಕಲನದ ಮುನ್ನುಡಿಯಲ್ಲಿ ನವ್ಯದ ದಾರಿ ತಮಗೆ ಸಾಲದೆಂದು ಬಹಿರಂಗವಾಗಿಯೇ ಸಾರಿದರು. ಅವರೂ ಆ ದಾರಿಯಲ್ಲೇ ನಡೆದು ಬಂದಿದ್ದವರಾದ್ದರಿಂದ ಆ ಮಾತಿಗೆ ತೂಕವಿತ್ತು. ಅದೇ ಸಂಕಲನದ ‘ತಬರನ ಕಥೆ’ಯಲ್ಲಿ ನಿವೃತ್ತಿವೇತನಕ್ಕಾಗಿ ಅಲೆಯುವ ತಬರನ ಒಳಮನಸ್ಸಿನ ಸುಳಿಗಳಿಗೆ ಇಳಿಯುವ ಬದಲು ಕಥೆ ಅವನನ್ನು ಊರು, ಕಚೇರಿ, ಕಾಗದಪತ್ರಗಳ ನಡುವೆ ನಿಲ್ಲಿಸುತ್ತದೆ, ಹೆಂಡತಿಯ ಕಾಲಿನ ಹುಣ್ಣು ಬೆಳೆಯುವ ವೇಗಕ್ಕೂ ಕಡತ ಚಲಿಸುವ ವೇಗಕ್ಕೂ ಇರುವ ಅಂತರವೇ ಇಲ್ಲಿ ದುರಂತ. ದೇವನೂರ ಮಹಾದೇವರ ‘ದ್ಯಾವನೂರು’ ಇನ್ನೂ ಆಳಕ್ಕೆ ಹೋಯಿತು. ‘ಅಮಾಸ’ ಕಥೆಯಲ್ಲಿ ಮಾರಿಗುಡಿಯೇ ಮನೆಯಾಗಿರುವ ತಬ್ಬಲಿ ಹುಡುಗ ಮತ್ತು ಮುದುಕ ಕುರಿಯಯ್ಯ ಯಾರ ಪ್ರಜ್ಞೆಗೂ ಹಿನ್ನೆಲೆಯಲ್ಲ. ನಂಜನಗೂಡು ಸೀಮೆಯ ಆಡುಮಾತು ಸಂಭಾಷಣೆಯ ಅಲಂಕಾರವಾಗಿ ನಿಲ್ಲದೆ ನಿರೂಪಣೆಯ ಉಸಿರಿನೊಳಗೇ ಬೆರೆತದ್ದರಿಂದ, ಕಥೆ ಯಾರ ಕಣ್ಣಿನಿಂದ ನೋಡಬೇಕು ಎಂಬ ಪ್ರಶ್ನೆಯೇ ಬದಲಾಯಿತು.

ಆಮೇಲೆ ನಡೆದದ್ದು ಪರಿಚಿತ. ಪ್ರಾದೇಶಿಕ ನುಡಿ ಸಾಚಾತನದ ಮುದ್ರೆಯಾಯಿತು, ವಿಲಕ್ಷಣ ಮನುಷ್ಯರಿಂದ ತುಂಬಿದ ಮಲೆನಾಡಿನ ಪೇಟೆ ಸಿದ್ಧ ರಂಗಸಜ್ಜಾಯಿತು, ಶೋಷಣೆಯ ಕಥೆ ಕೊನೆಯ ಪುಟದಲ್ಲಿ ಎತ್ತಿದ ಕೈಯೊಂದಿಗೆ ಮುಗಿಯುವುದು ವಾಡಿಕೆಯಾಯಿತು.

ಹಾಗೆಂದು ಹಿಂದಿನದನ್ನು ಓದದೆ ಬಿಡುವುದು ಪರಿಹಾರವಾಗಲಾರದು, ಏಕೆಂದರೆ ಓದದವನಿಗೆ ತಾನು ಯಾರ ಅಚ್ಚಿನಲ್ಲಿ ಬರೆಯುತ್ತಿದ್ದೇನೆಂಬುದೂ ತಿಳಿಯುವುದಿಲ್ಲ. ಪರಂಪರೆಯನ್ನು ಎಚ್ಚರದಿಂದ ಪಡೆಯುವ ಬಗೆ ವೈದೇಹಿಯವರ ಕಥೆಗಳಲ್ಲಿದೆ. ಮಾಸ್ತಿಯವರ ಜಗಲಿಯ ಮಾತುಗಾರಿಕೆಯನ್ನು ನೆನಪಿಸುವ ಹರಟೆಯ ಲಯ ಅವರಲ್ಲೂ ಉಂಟು, ಆದರೆ ಅದು ಅಡುಗೆಮನೆ, ಹಿತ್ತಿಲುಗಳಿಗೆ ಜಾಗ ಬದಲಿಸಿದೆ. ‘ಅಕ್ಕು’ವಿನಲ್ಲಿ ಮನೆಮಂದಿ ಹುಚ್ಚಿಯೆಂದು ಬದಿಗಿಟ್ಟ ಹೆಂಗಸಿನ ಅಸಂಬದ್ಧ ಮಾತುಗಳೇ ಆ ಮನೆಯ ಮರ್ಯಾದೆಯ ಮುಸುಕನ್ನು ಎಳೆದುಬಿಡುವುದರಿಂದ, ಹಳೆಯ ಆಪ್ತ ಧಾಟಿ ಸಾಂತ್ವನ ಹೇಳುವುದಕ್ಕೆ ಬದಲಾಗಿ ಸಾಕ್ಷಿ ನುಡಿಯತೊಡಗುತ್ತದೆ.

ಅನಂತಮೂರ್ತಿಯವರ ‘ಸೂರ್ಯನ ಕುದುರೆ’ ಇನ್ನೊಂದು ಬಗೆಯ ಎಚ್ಚರ. ಅಲ್ಲಿ ಲೇಖಕ ತಾನೇ ಕಟ್ಟಿದ ಮಾದರಿಯನ್ನು ಒರೆಗೆ ಹಚ್ಚುತ್ತಾನೆ. ಊರಿಗೆ ಮರಳಿದ ವಿದ್ಯಾವಂತ ಇಲ್ಲಿಯೂ ಇದ್ದಾನೆ, ಅವನ ವಿಶ್ಲೇಷಣೆಯ ಚಪಲವೂ ಇದೆ. ಆದರೆ ಬಾಲ್ಯದ ಗೆಳೆಯ ವೆಂಕಟ ಅವನಿಗೆ ಎಣ್ಣೆ ತಿಕ್ಕಿ ನೀರೆರೆಯುವ ಆ ದೀರ್ಘ ಅಭ್ಯಂಜನದಲ್ಲಿ, ಬದಲಾವಣೆಯನ್ನೇ ಮೌಲ್ಯವೆಂದು ನಂಬಿದ ಆಧುನಿಕ ಮನಸ್ಸು ಮೆತ್ತಗಾಗುತ್ತ ಹೋಗುತ್ತದೆ. ಜೊತೆಗೆ ವೆಂಕಟನ ನಿಶ್ಚಿಂತೆಗಾಗಿ ಬೇಯುತ್ತಿರುವ ಅವನ ಹೆಂಡತಿ, ಮಗನ ಸಿಟ್ಟನ್ನೂ ಕಥೆ ಮರೆಮಾಚುವುದಿಲ್ಲ. ಬೆಳಗ್ಗೆ ಕಣ್ಣಿಗೆ ಬೀಳುವ ಮಿಡತೆ, ಹಳ್ಳಿಯವರ ಬಾಯಲ್ಲಿ ಸೂರ್ಯನ ಕುದುರೆ, ಯಾವ ಅರ್ಥದ ಭಾರವನ್ನೂ ಹೊರದೆ ಮೊದಲಿಗೆ ಮಿಡತೆಯಾಗಿಯೇ ಕುಳಿತಿರುತ್ತದೆ.