ಅಭ್ಯಾಖ್ಯಾನ: ಸಾಕ್ಷ್ಯವಿಲ್ಲದ ಆರೋಪದ ವಿಮರ್ಶೆ

ಪಾಪಸ್ಥಾನಗಳು ಹದಿನೆಂಟು ಎಂದು ಶ್ವೇತಾಂಬರ ಪರಂಪರೆಯ ಪ್ರತಿಕ್ರಮಣದಲ್ಲಿ ಎಣಿಸುತ್ತಾರೆ. ಅವುಗಳಲ್ಲಿ ಎರಡನೆಯದು ಮೃಷಾವಾದ, ಅಂದರೆ ಸುಳ್ಳು ನುಡಿಯುವುದು. ಹದಿಮೂರನೆಯದು ಅಭ್ಯಾಖ್ಯಾನ, ಅಂದರೆ ಇಲ್ಲದ ದೋಷವನ್ನು ಇನ್ನೊಬ್ಬರ ಮೇಲೆ ಹೊರಿಸುವುದು. ದಿಗಂಬರ ಆಚಾರ್ಯರೂ ವರ್ಜ್ಯವಾದ ಭಾಷೆಯ ಭೇದಗಳನ್ನು ವಿವರಿಸುವಾಗ ಅಭ್ಯಾಖ್ಯಾನವನ್ನು ಪ್ರತ್ಯೇಕವಾಗಿಯೇ ಹೆಸರಿಸಿದ್ದಾರೆ. ಸುಳ್ಳನ್ನು ಒಮ್ಮೆ ನಿಷೇಧಿಸಿದ ಮೇಲೆ ಮತ್ತೆ ಇದನ್ನು ಬೇರೆಯಾಗಿ ಎಣಿಸಬೇಕಾದ ಅಗತ್ಯವೇನಿತ್ತು? ಸುಳ್ಳು ಕೆಲವೊಮ್ಮೆ ಆಡಿದವನನ್ನಷ್ಟೇ ಕೆಡಿಸಿ ಸುಮ್ಮನಾಗುತ್ತದೆ. ಅಭ್ಯಾಖ್ಯಾನಕ್ಕಾದರೋ ಗಾಯಗೊಳ್ಳುವ ಒಂದು ಜೀವ ಬೇಕೇ ಬೇಕು. ಅದು ಅಸತ್ಯವೂ ಹೌದು, ಹಿಂಸೆಯೂ ಹೌದು.

ಉಪಾಸಕದಶಾಂಗವು ಶ್ರಾವಕನ ಸತ್ಯಾಣುವ್ರತಕ್ಕೆ ಹೇಳುವ ಅತಿಚಾರಗಳಲ್ಲಿ ಮೊದಲನೆಯದೇ 'ಸಹಸಾಭ್ಯಾಖ್ಯಾನ'. ವಿಚಾರಿಸದೆ, ಪರೀಕ್ಷಿಸದೆ ದುಡುಕಿ ದೋಷ ಹೊರಿಸುವುದು ಎಂದು ಅದರ ಅರ್ಥ. ಇಲ್ಲಿ ಒಂದು ಸೂಕ್ಷ್ಮವಿದೆ. ಆರೋಪವು ಮುಂದೆಂದಾದರೂ ನಿಜವೆಂದು ತೋರಬಹುದು. ಆದರೂ ಆಡಿದ ಗಳಿಗೆಯಲ್ಲಿ ಆಡಿದವನ ಬಳಿ ಪ್ರಮಾಣವಿರಲಿಲ್ಲವಾದರೆ ವ್ರತಕ್ಕೆ ಕಳಂಕ ತಟ್ಟಿಯೇ ತಟ್ಟುತ್ತದೆ. ಈ ನಿಯಮ ಗೃಹಸ್ಥನಿಗೆ ಮಾತ್ರವೋ, ಅಧಿಕಾರದಲ್ಲಿರುವವರಿಗೂ ಅನ್ವಯಿಸುತ್ತದೆಯೋ ಎಂಬ ಪ್ರಶ್ನೆಯನ್ನು ಹೊಸಕೋಟೆಯ ಜನಕ್ಕೆ ತೀರ ಹತ್ತಿರದಲ್ಲೇ ನಡೆದ ಒಂದು ಘಟನೆ ಎದುರಿಗೆ ತಂದಿಟ್ಟಿದೆ.

ಹೊಸಕೋಟೆಯಿಂದ ಬೂದಿಗೆರೆ ಮಾರ್ಗವಾಗಿ ಹೊರಟರೆ ದೇವನಹಳ್ಳಿ ತಾಲ್ಲೂಕಿನ ಕೆಂಪೇಗೌಡ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣ ಸಿಗುತ್ತದೆ. ಹೊರದೇಶದಿಂದ ಬರುವ ಮಕ್ಕಳನ್ನು, ಮೊಮ್ಮಕ್ಕಳನ್ನು ಎದುರುಗೊಳ್ಳಲು ಎಷ್ಟೋ ಜೈನ ಕುಟುಂಬಗಳು ಅಲ್ಲಿ ಕಾದು ನಿಲ್ಲುತ್ತವೆ. 2024ರ ಫೆಬ್ರವರಿ 23ರಂದು ಅದೇ ನಿಲ್ದಾಣಕ್ಕೆ ಲಂಡನ್ನಿನಿಂದ ಪ್ರಾಧ್ಯಾಪಕಿ ನಿತಾಶಾ ಕೌಲ್ ಬಂದಿಳಿದರು. ಅವರು ಅಲ್ಲಿನ ವೆಸ್ಟ್‌ಮಿನ್‌ಸ್ಟರ್ ವಿಶ್ವವಿದ್ಯಾನಿಲಯದಲ್ಲಿ ರಾಜ್ಯಶಾಸ್ತ್ರದ ಅಧ್ಯಾಪಕರು; ಕಾಶ್ಮೀರಿ ಪಂಡಿತ ಮನೆತನದವರು; ಬ್ರಿಟಿಷ್ ಪೌರರಾಗಿದ್ದು, ಭಾರತದ ಸಾಗರೋತ್ತರ ನಾಗರಿಕ ಚೀಟಿಯನ್ನು, ಅಂದರೆ ಓಸಿಐ ಕಾರ್ಡನ್ನು ಹೊಂದಿದ್ದವರು. ಬೆಂಗಳೂರಿನ ಅರಮನೆ ಮೈದಾನದಲ್ಲಿ 24 ಮತ್ತು 25ರಂದು ನಡೆಯಲಿದ್ದ ಸಂವಿಧಾನ ಮತ್ತು ರಾಷ್ಟ್ರೀಯ ಐಕ್ಯತಾ ಸಮಾವೇಶದಲ್ಲಿ ಮಾತನಾಡಲು ಕರ್ನಾಟಕ ಸರ್ಕಾರವೇ ಅವರನ್ನು ಆಹ್ವಾನಿಸಿತ್ತು. ಅವರಿಗೆ ಪ್ರವೇಶ ದೊರೆಯಲಿಲ್ಲ. ಅವರ ಹೇಳಿಕೆಯಂತೆ, ದೆಹಲಿಯಿಂದ ಆದೇಶವಿದೆ ಎಂಬುದನ್ನು ಬಿಟ್ಟರೆ ಅಧಿಕಾರಿಗಳು ಕಾರಣವನ್ನು ಲಿಖಿತವಾಗಿ ಕೊಡಲಿಲ್ಲ. ಸುಮಾರು ಒಂದು ದಿನ ತಡೆದಿರಿಸಿ ಮರಳಿ ಲಂಡನ್ನಿಗೆ ಕಳುಹಿಸಿದರು.

ರಾಜ್ಯದ ವಿರೋಧ ಪಕ್ಷವು ಆಕೆ ಪಾಕಿಸ್ತಾನದ ಪಕ್ಷಪಾತಿ ಎಂಬರ್ಥದ ಮಾತನ್ನಾಡಿ ಆಹ್ವಾನಿಸಿದವರನ್ನು ಟೀಕಿಸಿತು. ವಿದೇಶಾಂಗ ಸಚಿವಾಲಯದ ವಕ್ತಾರರು ವಿದೇಶಿಯರ ಪ್ರವೇಶವು ದೇಶದ ಸಾರ್ವಭೌಮ ನಿರ್ಣಯ ಎಂದಷ್ಟೇ ಹೇಳಿದರು. 2025ರ ಮೇ ತಿಂಗಳಲ್ಲಿ ಅವರ ಓಸಿಐ ನೋಂದಣಿಯೂ ರದ್ದಾಯಿತು. ದುರುದ್ದೇಶದಿಂದ, ವಾಸ್ತವವನ್ನೂ ಇತಿಹಾಸವನ್ನೂ ಕಡೆಗಣಿಸಿ ಭಾರತ ವಿರೋಧಿ ಚಟುವಟಿಕೆಗಳಲ್ಲಿ ತೊಡಗಿದ್ದಾರೆ. ಬರಹ, ಭಾಷಣಗಳ ಮೂಲಕ ದೇಶವನ್ನೂ ಅದರ ಸಂಸ್ಥೆಗಳನ್ನೂ ಗುರಿಯಾಗಿಸುತ್ತಿದ್ದಾರೆ ಎಂಬುದು ಆದೇಶದ ಸಾರ. ಅದಕ್ಕೆ ಮುನ್ನ ಬಂದ ನೋಟೀಸಿಗೆ 20,000 ಪದಗಳ ಉತ್ತರ ಕೊಟ್ಟಿದ್ದಾಗಿ ಕೌಲ್ ಹೇಳಿದ್ದಾರೆ. ಅವರ ತಾಯಿ ಇರುವುದು ಭಾರತದಲ್ಲಿ.

ಅನೇಕಾಂತವನ್ನು ಒಪ್ಪಿದವರು ಮೊದಲು ಎದುರು ಪಕ್ಷವನ್ನು ಅದರ ಪೂರ್ಣ ಬಲದೊಡನೆ ಮಂಡಿಸಬೇಕು. ಯಾವ ದೇಶವಾದರೂ ತನ್ನ ಬಾಗಿಲಿನ ಒಡೆತನವನ್ನು ಬಿಟ್ಟುಕೊಡಲಾರದು. ವಿದೇಶಿಯನಿಗೆ ಒಳಬರುವ ಮೂಲಭೂತ ಹಕ್ಕಿಲ್ಲ. ಬೇಹುಗಾರಿಕೆಯ ಮಾಹಿತಿಯನ್ನೆಲ್ಲ ಬೀದಿಯಲ್ಲಿ ಹರಡಲೂ ಆಗದು. 2019ರಲ್ಲಿ ಕೌಲ್ ಅಮೆರಿಕದ ಸಂಸತ್ತಿನ ಉಪಸಮಿತಿಯ ಮುಂದೆ ಕಾಶ್ಮೀರದ ಕುರಿತು ಹೇಳಿಕೆ ಕೊಟ್ಟರು. ದೇಶದ ವಿಷಯವನ್ನು ಪರದೇಶದ ಶಾಸಕರ ಮುಂದಿಟ್ಟದ್ದು ಹಲವರ ಮನಸ್ಸನ್ನು ನೋಯಿಸಿತು. 1990ರಲ್ಲಿ ಮನೆಮಠ ತೊರೆದು ಬಂದ ಪಂಡಿತ ಕುಟುಂಬಗಳಲ್ಲಿಯೂ ಅವರ ನಿಲುವನ್ನು ಒಪ್ಪದವರಿದ್ದಾರೆ. ಅವರ ದುಃಖ ಸಣ್ಣದಲ್ಲ. ಇವೆಲ್ಲವೂ ಸ್ಯಾತ್ ಸತ್ಯ. ಒಂದು ನಯದಿಂದ ನೋಡಿದರೆ ಒಪ್ಪತಕ್ಕ ಮಾತುಗಳು.

ಆದರೆ ಒಂದು ನಯವನ್ನೇ ಪೂರ್ಣಸತ್ಯವೆಂದು ಹಿಡಿದರೆ ಅದು ದುರ್ನಯವಾಗುತ್ತದೆ. 'ತಡೆಯುವ ಅಧಿಕಾರವಿದೆ' ಎನ್ನುವುದು ಒಂದು ಮಾತು. 'ತಡೆಯಲ್ಪಟ್ಟವಳು ದ್ರೋಹಿ' ಎನ್ನುವುದು ಬೇರೆಯೇ ಮಾತು. ಮೊದಲನೆಯದಕ್ಕೆ ಅಧಿಕಾರ ಸಾಕು. ಎರಡನೆಯದಕ್ಕೆ ಪ್ರಮಾಣ ಬೇಕು. ಪ್ರವೇಶ ನಿರಾಕರಿಸಿದಾಗ ಸರ್ಕಾರ ಅಧಿಕಾರವನ್ನಷ್ಟೇ ಮುಂದಿಟ್ಟಿತು. ಕಾರ್ಡನ್ನು ರದ್ದುಗೊಳಿಸಿದಾಗ ಆಕೆಯ ಉದ್ದೇಶದ ಮೇಲೆ, ಮನಸ್ಸಿನ ಮೇಲೆ ಆರೋಪ ಹೊರಿಸಿತು. ಕೌಲ್ ಪ್ರಕಟಪಡಿಸಿದ ಭಾಗದಲ್ಲಿ ಯಾವ ಲೇಖನ, ಯಾವ ಪುಟ, ಯಾವ ದಿನದ ಭಾಷಣ, ಅದರಲ್ಲಿನ ಯಾವ ವಾಕ್ಯ ಸುಳ್ಳು ಎಂಬ ವಿವರ ಕಾಣುವುದಿಲ್ಲ. ಇತಿಹಾಸವನ್ನು ಕಡೆಗಣಿಸಿದರು ಎನ್ನುವುದು ಒಂದು ವಿದ್ವತ್ ಆಕ್ಷೇಪ. ಅದನ್ನು ನಿರ್ಣಯಿಸುವ ಸ್ಥಾನ ವಿದ್ವತ್ ಸಭೆಯೇ ಹೊರತು ಗೃಹಖಾತೆಯ ಕಡತವಲ್ಲ.

ವ್ಯಾಪಾರದ ನೀತಿ ಬಲ್ಲವರಿಗೆ ಇದು ಬೇಗ ಅರ್ಥವಾಗುತ್ತದೆ. ಗಿರಾಕಿಯ ಖಾತೆಗೆ ಬಾಕಿ ಬರೆದ ವರ್ತಕನು ದಿನಾಂಕ, ಸರಕು, ಮೊತ್ತಗಳನ್ನು ತೋರಿಸಲೇಬೇಕು. 'ಒಟ್ಟಿನಲ್ಲಿ ನೀನು ಸಾಲಗಾರ' ಎಂದರೆ ಯಾವ ಲೆಕ್ಕಪರಿಶೋಧಕನೂ ಅದಕ್ಕೆ ಸಹಿ ಹಾಕಲಾರ. ರಸೀದಿಯಿಲ್ಲದ ಬಾಕಿಯನ್ನು ಬರೆದವನು ಎಷ್ಟು ದೊಡ್ಡ ಸಾಹುಕಾರನೆಂಬುದು ಲೆಕ್ಕಕ್ಕೆ ಬಾರದು. ತತ್ತ್ವಾರ್ಥಸೂತ್ರವು ಸತ್ಯವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯನ್ನು, ಎಂದರೆ ಸುಳ್ಳು ದಾಖಲೆ ಬರೆಯುವುದನ್ನು ಸೇರಿಸಿರುವುದರಿಂದ ಲೇಖನಿಯ ಮಾತಿಗೂ ನಾಲಗೆಯ ಮಾತಿಗೂ ಒಂದೇ ಕಟ್ಟಳೆ ಎಂದು ತಿಳಿಯುತ್ತದೆ.

ದೇಶದ ಕಾನೂನು ಕೂಡ ಈ ನೀತಿಗೆ ದೂರವಾದುದಲ್ಲ. 1977ರಲ್ಲಿ ಮೇನಕಾ ಗಾಂಧಿಯವರ ಪಾಸ್‌ಪೋರ್ಟನ್ನು ಸಾರ್ವಜನಿಕ ಹಿತದ ಹೆಸರಿನಲ್ಲಿ ವಶಪಡಿಸಿಕೊಂಡು, ಕಾರಣ ಕೇಳಿದರೆ ಅದೇ ಹಿತದ ಹೆಸರಿನಲ್ಲಿ ಹೇಳಲು ನಿರಾಕರಿಸಲಾಯಿತು. 1978ರ ಜನವರಿ 25ರಂದು ಸರ್ವೋಚ್ಚ ನ್ಯಾಯಾಲಯವು ಕಾರ್ಯವಿಧಾನವೆಂದರೆ ನ್ಯಾಯಯುತವಾದ ಕಾರ್ಯವಿಧಾನವೇ ಆಗಿರಬೇಕೆಂದು ಸಾರಿತು. ಪೌರತ್ವ ಕಾಯಿದೆಯ 7ಡಿ ವಿಧಿಗೆ 2019ರಲ್ಲಿ ಸೇರಿಸಿದ ನಿಬಂಧನೆಯೂ ಓಸಿಐ ರದ್ದುಗೊಳಿಸುವ ಮುನ್ನ ಅಹವಾಲು ಕೇಳಬೇಕೆನ್ನುತ್ತದೆ. ಸ್ವೀಡನ್ನಿನ ಉಪ್ಸಲಾ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಅಶೋಕ್ ಸ್ವಾಯಿನ್ ಅವರ ನೋಂದಣಿ 2022ರಲ್ಲಿ ರದ್ದಾದಾಗ, ಆ ಆದೇಶದಲ್ಲಿ ಕಾರಣವೇ ಇಲ್ಲವೆಂಬಂತಿದೆ ಎಂದು ದೆಹಲಿ ಉಚ್ಚ ನ್ಯಾಯಾಲಯ 2023ರ ಜುಲೈನಲ್ಲಿ ಅದನ್ನು ತಳ್ಳಿಹಾಕಿತು. ಅದೇ ತಿಂಗಳು ಹೊರಟ ಎರಡನೆಯ ಆದೇಶವೂ 2025ರ ಮಾರ್ಚಿನಲ್ಲಿ ಬಿದ್ದುಹೋಯಿತು. ಬೇಕಾದರೆ ಹೊಸದಾಗಿ ನೋಟೀಸು ಕೊಟ್ಟು ವಿಚಾರಿಸಬಹುದೆಂದು ನ್ಯಾಯಾಲಯ ಹೇಳಿತು. ಇಷ್ಟಾದರೂ 2025ರ ಆಗಸ್ಟಿನ ಅಧಿಸೂಚನೆಯೊಂದು ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಗೆ ಗುರಿಯಾಗುವ ಅಪರಾಧದಲ್ಲಿ ಆರೋಪಪಟ್ಟಿ ಸಲ್ಲಿಕೆಯಾದರೂ ಸಾಕು, ಓಸಿಐ ರದ್ದಾಗಬಹುದು ಎಂದಿದೆ. ಆರೋಪಪಟ್ಟಿ ತೀರ್ಪಲ್ಲ. ಮಕ್ಕಳ ಪೆಟ್ಟಿಗೆಯಲ್ಲಿ ಓಸಿಐ ಕಾರ್ಡುಗಳಿರುವ ಕುಟುಂಬಗಳು ಈ ವ್ಯತ್ಯಾಸವನ್ನು ಮನಸ್ಸಿಗೆ ತಂದುಕೊಳ್ಳಬೇಕು.

ಈ ಉಪಾಯ ಒಂದು ಪಕ್ಷದ್ದಲ್ಲ, ಒಂದು ಕಾಲದ್ದೂ ಅಲ್ಲ. 1919ರಲ್ಲಿ ಬಾಂಬೆ ಕ್ರಾನಿಕಲ್ ಪತ್ರಿಕೆಯ ಸಂಪಾದಕ ಬಿ. ಜಿ. ಹಾರ್ನಿಮನ್ನರನ್ನು ಬ್ರಿಟಿಷ್ ಸರ್ಕಾರ ವಿಚಾರಣೆಯಿಲ್ಲದೆ ಹಡಗು ಹತ್ತಿಸಿ ಗಡೀಪಾರು ಮಾಡಿತು. ಅವರು ಮತ್ತೆ ಭಾರತದ ನೆಲ ಮೆಟ್ಟಿದ್ದು 1926ರಲ್ಲಿ. ತುರ್ಕಿಯಲ್ಲಿ 2016ರಲ್ಲಿ ಶಾಂತಿಗಾಗಿ ಮನವಿಗೆ ಸಹಿ ಹಾಕಿದ ಅಧ್ಯಾಪಕರನ್ನು ಭಯೋತ್ಪಾದಕರ ಪ್ರಚಾರಕರೆಂದು ದೂಷಿಸಿ ಹಲವರ ಉದ್ಯೋಗವನ್ನೂ ಪಾಸ್‌ಪೋರ್ಟನ್ನೂ ಕಿತ್ತುಕೊಳ್ಳಲಾಯಿತು. ಅವರನ್ನು ಶಿಕ್ಷಿಸಿದ್ದು ವಾಕ್‌ಸ್ವಾತಂತ್ರ್ಯದ ಉಲ್ಲಂಘನೆ ಎಂದು ಆ ದೇಶದ ಸಂವಿಧಾನ ನ್ಯಾಯಾಲಯವೇ 2019ರಲ್ಲಿ ಹೇಳಿತು. ಅಷ್ಟರಲ್ಲಿ ಎಷ್ಟೋ ಬಾಳುಗಳು ಚದುರಿಹೋಗಿದ್ದವು. ದೂರದಲ್ಲಿರುವವನ ಮೇಲೆ ಹೊರಿಸಿದ ಆರೋಪ ಬೇಗ ಬೇರೂರುತ್ತದೆ. ಉತ್ತರಿಸಲು ಅವನು ಊರೊಳಗಿಲ್ಲ. ಊರಿಗೆ ಬರಲು ಆರೋಪವೇ ಅಡ್ಡಿ.

ಜೈನ ಸಮಾಜಕ್ಕೆ ಈ ನೋವು ಹೊಸತಲ್ಲ. ಹದಿನೆಂಟನೆಯ ಶತಮಾನದ ಜಯಪುರದಲ್ಲಿ ಪಂಡಿತ ಟೋಡರಮಲ್ಲರೆಂಬ ಗೃಹಸ್ಥ ವಿದ್ವಾಂಸರಿದ್ದರು. ಶಿವಮೂರ್ತಿಗೆ ಅಪಚಾರ ಮಾಡಿಸಿದರೆಂಬ ಆರೋಪವನ್ನು ಅವರ ಮೇಲೆ ಹೊರಿಸಿ, ರಾಜಾಜ್ಞೆಯಿಂದ ಆನೆಯ ಕಾಲಿಗೆ ಹಾಕಿಸಿ ಕೊಲ್ಲಲಾಯಿತೆಂದು ಪರಂಪರೆ ಹೇಳುತ್ತದೆ. ಅವರ ಮೋಕ್ಷಮಾರ್ಗಪ್ರಕಾಶಕ ಅಪೂರ್ಣವಾಗಿಯೇ ಉಳಿಯಿತು. ಸ್ವಾಧ್ಯಾಯಕ್ಕೆ ಕುಳಿತವರು ಆ ಗ್ರಂಥ ಅರ್ಧಕ್ಕೆ ನಿಲ್ಲುವಲ್ಲಿಗೆ ಬಂದಾಗ ಸಾಬೀತಾಗದ ಒಂದು ಆರೋಪದ ಬೆಲೆಯೇನೆಂದು ಕಣ್ಣಾರೆ ಕಾಣುತ್ತಾರೆ. ಇದಕ್ಕೆ ವ್ಯತಿರಿಕ್ತವಾದ ನಿದರ್ಶನ ಕನ್ನಡ ನೆಲದಲ್ಲಿಯೇ ಇದೆ. 1368ರಲ್ಲಿ ಶ್ರೀವೈಷ್ಣವರಿಂದ ಅನ್ಯಾಯವಾಗುತ್ತಿದೆಯೆಂದು ಜೈನರು ಮೊರೆಯಿಟ್ಟಾಗ ಬುಕ್ಕರಾಯನು ಎರಡೂ ಕಡೆಯವರನ್ನು ಎದುರಿಗೆ ಕರೆಸಿ, ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಉಭಯ ದರ್ಶನಗಳಿಗೆ ಭೇದವಿಲ್ಲವೆಂದು ಶಾಸನ ಬರೆಸಿದನು. ಶ್ರವಣಬೆಳಗೊಳದಲ್ಲಿಯೂ ಮಾಗಡಿ ಬಳಿಯ ಕಲ್ಯದಲ್ಲಿಯೂ ಆ ಶಾಸನಗಳಿವೆ. ಅಂದು ದುರ್ಬಲರಾಗಿದ್ದ ಜೈನರ ಅಹವಾಲನ್ನು ದೊರೆ ಕೇಳಿದನೆಂಬುದಕ್ಕೆ ಕಲ್ಲೇ ಸಾಕ್ಷಿ. ಅಹವಾಲು ಕೇಳಿಸಿಕೊಂಡು ಉಳಿದ ಸಮಾಜವು ಇನ್ನೊಬ್ಬರ ಅಹವಾಲು ಕೇಳಬೇಕಾಗಿಲ್ಲವೆಂದು ಹೇಗೆ ಹೇಳೀತು?

ಕೌಲ್ ಹೇಳುವುದೆಲ್ಲವೂ ಸರಿಯೇ ಎಂಬ ಪ್ರಶ್ನೆ ಇಲ್ಲಿ ಅಪ್ರಸ್ತುತ. ಅವರ ಬರಹದಲ್ಲಿ ತಪ್ಪಿದ್ದರೆ ತೋರಿಸಿಕೊಡಲು ಭಾರತದಲ್ಲಿ ಇತಿಹಾಸಜ್ಞರಿಲ್ಲವೇ? ಅವರ ಹೇಳಿಕೆಯಿಂದ ನೊಂದ ಪಂಡಿತರು ಅದೇ ವೇದಿಕೆಯಲ್ಲಿ ಎದ್ದು ಪ್ರಶ್ನಿಸಿದ್ದರೆ ಸಭೆಗೆ ಎರಡೂ ದನಿ ಕೇಳಿಸುತ್ತಿತ್ತು. ವಿಮಾನ ನಿಲ್ದಾಣದಲ್ಲಿಯೇ ತಡೆದುದರಿಂದ ಆ ಪ್ರಶ್ನೆಯ ಅವಕಾಶವೂ ಮುಚ್ಚಿಹೋಯಿತು. ಜೈನ ನ್ಯಾಯಗ್ರಂಥಗಳು ಪರಮತವನ್ನು ಪೂರ್ವಪಕ್ಷವಾಗಿ ವಿಸ್ತಾರವಾಗಿ ಮಂಡಿಸಿದ ಬಳಿಕವೇ ಖಂಡನೆಗೆ ಇಳಿಯುತ್ತವೆ. ಸಮಂತಭದ್ರಸ್ವಾಮಿಗಳಂತೂ ಆಪ್ತಮೀಮಾಂಸೆಯಲ್ಲಿ ಜಿನನ ಆಪ್ತತ್ವವನ್ನೇ ಪರೀಕ್ಷೆಗೆ ಒಡ್ಡಿದರು. ಬಾಹ್ಯವೈಭವದಿಂದ ಪೂಜ್ಯತೆ ಸಿದ್ಧಿಸದೆಂದರು. ಭಗವಂತನೇ ಪರೀಕ್ಷೆಗೆ ಅತೀತನಲ್ಲವೆಂದ ಮತದವರಿಗೆ ಸರ್ಕಾರವು ಪರೀಕ್ಷೆಗೆ ಅತೀತವೆಂಬ ಮಾತು ಒಪ್ಪಿಗೆಯಾಗಲಾರದು.

ಸರ್ಕಾರವನ್ನು ಮಾತ್ರ ದೂರಿ ಕೈತೊಳೆದುಕೊಳ್ಳುವಂತೆಯೂ ಇಲ್ಲ. 1989ರಲ್ಲಿ ಎಂ. ಎಂ. ಕಲಬುರ್ಗಿಯವರ ಸಂಶೋಧನ ಗ್ರಂಥ 'ಮಾರ್ಗ'ದ ಕೆಲವು ಭಾಗಗಳನ್ನು ಹಿಂತೆಗೆದುಕೊಳ್ಳುವಂತೆ ಒತ್ತಾಯಿಸಿದ್ದು ಸರ್ಕಾರವಲ್ಲ, ಅವರದೇ ಸಮುದಾಯದ ಮುಂದಾಳುಗಳು. ಬಸದಿಗಳ ಟ್ರಸ್ಟುಗಳಲ್ಲಿಯೂ ಇದರ ಸಣ್ಣ ರೂಪಗಳನ್ನು ಕಾಣಬಹುದು. ವಾರ್ಷಿಕ ಸಭೆಯಲ್ಲಿ ಜೀರ್ಣೋದ್ಧಾರದ ಲೆಕ್ಕ ಕೇಳಿದ ಸದಸ್ಯನಿಗೆ ಲೆಕ್ಕ ಸಿಗುವ ಮುನ್ನ 'ಧರ್ಮದ್ರೋಹಿ' ಎಂಬ ಹೆಸರು ಸಿಗುತ್ತದೆ. ಹೊರದೇಶದಿಂದ ಪತ್ರ ಬರೆದು ಆಕ್ಷೇಪಿಸಿದ ಯುವಕನು 'ಸಂಸ್ಕಾರ ಕೆಟ್ಟವನು' ಎನಿಸಿಕೊಳ್ಳುತ್ತಾನೆ. ಪತ್ರಕ್ಕೆ ಉತ್ತರ ಮಾತ್ರ ಹೋಗುವುದಿಲ್ಲ. ದೆಹಲಿಯ ಕಡತದಲ್ಲಿ ನಡೆದುದಕ್ಕೂ ಬಸದಿಯ ಪಡಸಾಲೆಯಲ್ಲಿ ನಡೆಯುವುದಕ್ಕೂ ಪ್ರಮಾಣದಲ್ಲಿ ಭೇದವುಂಟು, ಸ್ವಭಾವದಲ್ಲಿ ಇಲ್ಲ.

ಆದುದರಿಂದ ಟ್ರಸ್ಟುಗಳು ಮೂರು ಸರಳ ಕಟ್ಟಳೆಗಳನ್ನು ತಮ್ಮ ನಡಾವಳಿ ಪುಸ್ತಕದಲ್ಲಿ ಬರೆದುಕೊಳ್ಳುವುದು ಉಚಿತ. ಯಾರ ಮೇಲಾದರೂ ಆರೋಪವಿದ್ದರೆ ಅದು ದಿನಾಂಕ, ವಿವರಗಳೊಡನೆ ಲಿಖಿತವಾಗಿರಬೇಕು. ಆರೋಪ ಯಾವ ಸಭೆಯಲ್ಲಿ ಓದಲ್ಪಟ್ಟಿತೋ ಅದೇ ಸಭೆಯಲ್ಲಿ ಉತ್ತರವೂ ಓದಲ್ಪಡಬೇಕು. ಸಾಬೀತಾಗದಿದ್ದರೆ ಅಷ್ಟೇ ಬಹಿರಂಗವಾಗಿ ಹಿಂತೆಗೆದುಕೊಳ್ಳಬೇಕು. ಮನೆಯೊಳಗೆ ಇಷ್ಟನ್ನು ನಡೆಸಿದ ಸಮಾಜಕ್ಕೆ ಸರ್ಕಾರದಿಂದಲೂ ಇಷ್ಟನ್ನೇ ಕೇಳುವ ನೈತಿಕ ಬಲ ಬರುತ್ತದೆ.

ಪ್ರತಿವರ್ಷ ಕ್ಷಮಾವಣಿಯ ದಿನ ಸಕಲ ಜೀವಿಗಳಲ್ಲಿಯೂ ಕ್ಷಮೆ ಬೇಡುವುದು ವಾಡಿಕೆ. ಸಕಲ ಜೀವಿಗಳೆಂದಾಗ ಮುಖವೊಂದೂ ಕಣ್ಣೆದುರು ಬರುವುದಿಲ್ಲ. ಆದುದರಿಂದ ಅದು ಸುಲಭ. ವಿಚಾರಿಸದೆ ಹೆಸರು ಕೆಡಿಸಿದ ಒಬ್ಬರ ಬಾಗಿಲಿಗೆ ಹೋಗಿ, ಕೆಡಿಸಿದ ಮಾತನ್ನು ಹೆಸರಿಸಿ ಕ್ಷಮೆ ಕೇಳುವುದು ಕಷ್ಟ. ಅಭ್ಯಾಖ್ಯಾನಕ್ಕೆ ಪ್ರಾಯಶ್ಚಿತ್ತ ಆ ಕಷ್ಟದ ದಾರಿಯಲ್ಲಿಯೇ ಇದೆ. ಅರಸನಿಗಾಗಲಿ ಶ್ರಾವಕನಿಗಾಗಲಿ ಬೇರೆ ದಾರಿಯಿಲ್ಲ.