ಕಣ್ಣಿಲ್ಲದವನ ಸಾಕ್ಷ್ಯ

ಅಂಧನೊಬ್ಬ ಕೊಲೆಗಾರನನ್ನು ಬೆನ್ನಟ್ಟುವ ಕಥೆ ಕನ್ನಡ ಪ್ರೇಕ್ಷಕರಿಗೆ 2019ರ ‘ಕವಚ’ ಚಿತ್ರದಿಂದ ಪರಿಚಿತ. ಇದು 2016ರ ಮಲಯಾಳಂ ಚಿತ್ರ ‘ಒಪ್ಪಂ’ನ ಕನ್ನಡ ರೂಪ. ಅಲ್ಲಿ ಮೋಹನ್‌ಲಾಲ್ ಮಾಡಿದ ಪಾತ್ರವನ್ನು ಇಲ್ಲಿ ಶಿವರಾಜ್‌ಕುಮಾರ್ ವಹಿಸಿದ್ದಾರೆ. ದುಡಿದು ಬಾಳುವ ಅಂಧ ಜಯರಾಮನನ್ನು ನಂಬಿದ್ದ ನಿವೃತ್ತ ನ್ಯಾಯಾಧೀಶರ ಕೊಲೆಯಾಗುತ್ತದೆ. ಹಂತಕನ ಇರವನ್ನು ಅರಿತವನು ಜಯರಾಮನೊಬ್ಬನೇ. ಪೊಲೀಸರ ಸಂಶಯವೂ ಅವನ ಮೇಲೆಯೇ! ಈ ಕೊಲೆಯ ಬೇರು ಹಳೆಯ ತೀರ್ಪೊಂದರಲ್ಲಿದೆ. ನಿರಪರಾಧಿಯೊಬ್ಬನಿಗೆ ಶಿಕ್ಷೆಯಾಗಿತ್ತು, ಅವನ ಕುಟುಂಬ ನಾಶವಾಗಿತ್ತು.

ಅಂಧ ಪತ್ತೇದಾರ ಹೊಸಬನೇನಲ್ಲ. ಇಂಗ್ಲಿಷ್ ಲೇಖಕ ಅರ್ನೆಸ್ಟ್ ಬ್ರಾಮಾ 1914ರಲ್ಲಿ ಪ್ರಕಟಿಸಿದ ಕಥೆಗಳ ನಾಯಕ ಮ್ಯಾಕ್ಸ್ ಕ್ಯಾರಡೋಸ್ ಹುಟ್ಟು ಕುರುಡನಲ್ಲ, ನಡುವಯಸ್ಸಿನ ಮುನ್ನವೇ ದೃಷ್ಟಿ ಕಳೆದುಕೊಂಡ ಹವ್ಯಾಸಿ ಪತ್ತೇದಾರ. ನಾಣ್ಯವನ್ನು ಮುಟ್ಟಿಯೇ ಖೋಟಾ ಎನ್ನಬಲ್ಲ. ಪತ್ರಿಕೆಯ ಮುದ್ರಿತ ಅಕ್ಷರಗಳನ್ನೂ ಬೆರಳಿನಿಂದ ಓದಬಲ್ಲ. ಇದು ಸ್ವಲ್ಪ ಅತಿಯಾಯಿತು. ಆದರೆ ಕ್ಯಾರಡೋಸ್ ಶ್ರೀಮಂತ. ಅವನ ಮಾತನ್ನು ಎಲ್ಲರೂ ಕಿವಿಗೊಟ್ಟು ಕೇಳುತ್ತಾರೆ. ಜಯರಾಮ ಕೂಲಿಯವನು. ‘ಕವಚ’ದ ಕಥಾವಸ್ತು ಬ್ರಾಮಾನ ಕಥೆಗಳಿಗಿಂತ ಆಳವಾಗಿರುವುದು ಇಲ್ಲಿಯೇ.

ದುರದೃಷ್ಟವಶಾತ್ ಚಿತ್ರ ಆ ಆಳಕ್ಕೆ ಇಳಿಯುವುದಿಲ್ಲ. ನಾಯಕನಟನ ಅಭಿಮಾನಿಗಳಿಗಾಗಿ ಹೊಡೆದಾಟಗಳು ಬರುತ್ತವೆ, ಅಂಧತ್ವ ಒಂದು ಪವಾಡಶಕ್ತಿಯಾಗಿಬಿಡುತ್ತದೆ. ಕ್ಯಾರಡೋಸ್ ಪ್ರಕಟವಾದ ಅದೇ 1914ರಲ್ಲಿ ಹಾನಗಲ್ ತಾಲ್ಲೂಕಿನಲ್ಲಿ ಜನಿಸಿದ ಗದುಗಿನ ಪುಟ್ಟರಾಜ ಗವಾಯಿಗಳನ್ನು ಬಲ್ಲ ನಾವು, ಕಣ್ಣಿಲ್ಲದವರ ಕಿವಿ ಪಳಗುವುದು ಪವಾಡದಿಂದಲ್ಲ, ವರ್ಷಗಳ ಸಾಧನೆಯಿಂದ ಎಂಬುದನ್ನು ಮರೆಯಬಾರದಿತ್ತು. ಅಂಧನಿಗೆ ಎಷ್ಟು ಕೇಳಿಸುತ್ತದೆ ಎಂಬುದಲ್ಲ, ಅವನು ಕೇಳಿಸಿಕೊಂಡದ್ದನ್ನು ನಾವು ನಂಬುತ್ತೇವೆಯೇ ಎಂಬುದು ಇಂಥ ಕಥೆಯ ನಿಜವಾದ ಪ್ರಶ್ನೆ.

ಸಂತ ಯೊವಾನ್ನರ ಶುಭಸಂದೇಶದ 9ನೇ ಅಧ್ಯಾಯದಲ್ಲಿ ನಡೆಯುವುದೂ ಇಂಥದೇ ವಿಚಾರಣೆ. ಹುಟ್ಟು ಕುರುಡನಿಗೆ ದೃಷ್ಟಿ ಬಂದ ಮೇಲೂ ಫರಿಸಾಯರು ಅವನ ಮಾತನ್ನು ಒಪ್ಪುವುದಿಲ್ಲ. ತಂದೆತಾಯಿಯನ್ನು ಕರೆಸುತ್ತಾರೆ, ಅವರು ಭಯದಿಂದ ಜಾರಿಕೊಳ್ಳುತ್ತಾರೆ. ಕೊನೆಗೆ ಸಾಕ್ಷಿಯನ್ನೇ ಹೊರಹಾಕುತ್ತಾರೆ. ನಮ್ಮ ಸರ್ವೋಚ್ಚ ನ್ಯಾಯಾಲಯ 2021ರ ಏಪ್ರಿಲ್‌ನಲ್ಲಿ, ಅಂಧ ಯುವತಿಯೊಬ್ಬಳು ತನಗೆ ದೌರ್ಜನ್ಯವೆಸಗಿದವನನ್ನು ಧ್ವನಿಯಿಂದ ಗುರುತಿಸಿದ ಮೊಕದ್ದಮೆಯಲ್ಲಿ, ಅಂಗವಿಕಲರ ಸಾಕ್ಷ್ಯವನ್ನು ಕೀಳೆಂದು ಎಣಿಸಲಾಗದು ಎಂದು ಸ್ಪಷ್ಟಪಡಿಸಿತು. ಅದನ್ನು ಹೇಳಬೇಕಾಗಿ ಬಂತಲ್ಲ!

ಚಿತ್ರ ನೋಡುವಾಗ ನನಗೆ ಭಟ್ಕಳ-ಹೊನ್ನಾವರದ ಕಡೆಯ ಧರ್ಮಕೇಂದ್ರವೊಂದರಲ್ಲಿ, ನನ್ನ ಗುರುಜೀವನದ ಆರಂಭದ ದಿನಗಳಲ್ಲಿ ನಡೆದ ಘಟನೆ ನೆನಪಾಯಿತು. ಮಳೆಗಾಲದ ಒಂದು ಸಂಜೆ ಕಾಣಿಕೆ ಡಬ್ಬಿ ಒಡೆದಿತ್ತು. ಪೀಠಸೇವೆ ಮಾಡುತ್ತಿದ್ದ ಬಡ ಹುಡುಗನೊಬ್ಬನ ಮೇಲೆ ಎಲ್ಲರ ಕಣ್ಣು. ದಿನವೂ ಚರ್ಚಿನ ಜಗಲಿಯಲ್ಲಿ ಕುಳಿತು ಜಪಮಾಲೆ ಹೇಳುತ್ತಿದ್ದ ಅಂಧ ಅಜ್ಜ, “ಫಾದರ್, ಹಿಂಬಾಗಿಲಿನಿಂದ ಹೋದದ್ದು ಮಕ್ಕಳ ಹೆಜ್ಜೆಯಲ್ಲ. ಒಂದು ಕಾಲು ಎಳೆಯುತ್ತಿತ್ತು” ಎಂದರು. “ಮಳೆಯ ಸದ್ದಿನಲ್ಲಿ ನಿಮಗೆ ಹೇಗೆ ಗೊತ್ತಾಯಿತು ಅಜ್ಜ?” ಎಂದು ನಕ್ಕವನು ನಾನೇ. ಮುಂದಿನ ವರ್ಷ ನಿಜ ಹೊರಬಂದಾಗ ಕಾಲೆಳೆದು ನಡೆಯುವವನೇ ಸಿಕ್ಕಿದ. ಅಷ್ಟರಲ್ಲಿ ಹುಡುಗ ಪೂಜೆಗೆ ಬರುವುದನ್ನೇ ಬಿಟ್ಟಿದ್ದ.

ಆದ್ದರಿಂದಲೇ ‘ಕವಚ’ದಲ್ಲಿ ನನಗೆ ಕೊರತೆಯಾಗಿ ಕಂಡದ್ದು ಒಂದು ದೃಶ್ಯ: ಜಯರಾಮನ ಮಾತನ್ನು ತಳ್ಳಿಹಾಕಿದವರು ಅವನೆದುರು ಬಂದು ಕುಳಿತು, ಮೊದಲಿನಿಂದ ಹೇಳು ಎಂದು ಕೇಳುವ ದೃಶ್ಯ. ಹಿಂಸೆಯ ಸನ್ನಿವೇಶಗಳಿರುವುದರಿಂದ ಚಿಕ್ಕ ಮಕ್ಕಳಿಗೆ ಈ ಚಿತ್ರ ಬೇಡ. ಬೆಳೆದ ಮಕ್ಕಳೊಡನೆ ನೋಡುವುದಾದರೆ, ಹೊಡೆದಾಟಗಳನ್ನು ದಾಟಿಸಿ, ಪೊಲೀಸರು ಅವನನ್ನು ಪ್ರಶ್ನಿಸುವ ಭಾಗಗಳನ್ನು ಗಮನವಿಟ್ಟು ನೋಡಬಹುದು.